ಮಾಜಿ ಸೈನಿಕರಿಗಾಗಿ ಸಹಾಯಾರ್ಥ ಸಂಗೀತ ಕಾರ್ಯಕ್ರಮ: ಮೊದಲ ಭೇಟಿಯಿಂದ ಕೊನೆಯ ಲೆಕ್ಕದವರೆಗೆ

ಯಾರಿಗೋ ಕಷ್ಟ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹಾಡುವವರ, ನುಡಿಸುವವರ ಬಾಯಲ್ಲಿ ಬರುವ ಮೊದಲ ಮಾತು, "ಒಂದು ಕಾರ್ಯಕ್ರಮ ಮಾಡಿಬಿಡೋಣ." ಆ ಮಾತಿನ ಹಿಂದಿರುವ ಮನಸ್ಸು ದೊಡ್ಡದು. ಆದರೆ ಮರುದಿನವೇ ಸಭಾಂಗಣ ಹುಡುಕಲು ಹೊರಟರೆ ಕೆಲಸ ಕೆಡುತ್ತದೆ. ಮಾಜಿ ಸೈನಿಕರ ನೆರವಿಗಾಗಿ ಮೊದಲು ಹಾಡುಗಾರನಾಗಿ, ಆಮೇಲೆ ಸಂಘಟಕನಾಗಿ ನಾನು ದುಡಿದ ಕಾರ್ಯಕ್ರಮಗಳಲ್ಲಿ ಸಂಗೀತ ಚೆನ್ನಾಗಿಲ್ಲದೆ ಸೋತದ್ದು ಒಂದೂ ಇಲ್ಲ. ಸೋತವೆಲ್ಲ ಎರಡೇ ಕಾರಣಕ್ಕೆ ಸೋತವು. ಒಂದು, ಬಂದ ಹಣ ಯಾವ ದಾರಿಯಲ್ಲಿ ಹೋಗಬೇಕೆಂದು ಮೊದಲೇ ಗೊತ್ತುಮಾಡಿರಲಿಲ್ಲ. ಇನ್ನೊಂದು, ಯಾರ ಹೆಸರಿನಲ್ಲಿ ಹಾಡುತ್ತಿದ್ದೆವೋ ಅವರು ಆ ಸಭಾಂಗಣದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಬಲ್ಲರೇ ಎಂದು ಯಾರೂ ಯೋಚಿಸಿರಲಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅವೆರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ವೇದಿಕೆಗೆ ಹೂವು ಹಾಕುವುದನ್ನು ನೀವು ಹೇಗೂ ಬಲ್ಲಿರಿ.

ಕೈಯಲ್ಲಿ ಹನ್ನೆರಡು ವಾರ ಇರಲಿ. ಎಂಟು ವಾರದಲ್ಲೂ ಆಗುತ್ತದೆ, ಆದರೆ ಆಗ ಮೊದಲು ಕತ್ತರಿ ಬೀಳುವುದು ನಾನು ಮೇಲೆ ಹೇಳಿದ ಆ ಎರಡು ಕೆಲಸಗಳಿಗೇ.

ಮೊದಲ ಹೆಜ್ಜೆ: ಯಾರಿಗೆ, ಯಾವುದಕ್ಕೆ

"ಸೈನಿಕರಿಗಾಗಿ" ಎಂಬುದು ಒಳ್ಳೆಯ ಭಾವನೆ, ಆದರೆ ಅದು ವಿಳಾಸವಲ್ಲ. ನಿಮ್ಮ ಹತ್ತಿರ ಇರುವ ಮಾಜಿ ಸೈನಿಕರ ಸಂಘವನ್ನೋ ಅವರ ಪುನರ್ವಸತಿಗೆ ದುಡಿಯುವ ನೋಂದಾಯಿತ ಸಂಸ್ಥೆಯನ್ನೋ ಹುಡುಕಿ, ಹೋಗಿ ಅವರ ಎದುರು ಕುಳಿತುಕೊಳ್ಳಿ. ದೂರವಾಣಿಯಲ್ಲಿ ಮುಗಿಸಬೇಡಿ. ಕೇಳಬೇಕಾದ ಪ್ರಶ್ನೆ ಸರಳ: "ಈ ವರ್ಷ ಹಣವಿಲ್ಲದೆ ನಿಂತುಹೋಗಿರುವ ಒಂದು ಕೆಲಸ ಯಾವುದು?"

ಉತ್ತರ ನೀವು ಊಹಿಸಿದ್ದಾಗಿರುವುದು ಅಪರೂಪ. ಒಮ್ಮೆ ನಾವು ಔಷಧಿಯ ಖರ್ಚಿಗೆಂದು ಹಣ ಸೇರಿಸುವ ಲೆಕ್ಕಾಚಾರದಲ್ಲಿ ಹೋಗಿದ್ದೆವು. ಎಪ್ಪತ್ತು ದಾಟಿದ್ದ ಹಿರಿಯರೊಬ್ಬರು ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಔಷಧಿ ಸಿಗುತ್ತದಪ್ಪ. ಆಸ್ಪತ್ರೆಗೆ ಹೋಗಿ ಬರುವುದಕ್ಕೆ ಗಾಡಿ ಇಲ್ಲ," ಎಂದರು. ಆ ಕಾರ್ಯಕ್ರಮದ ಹಣ ವಾರಕ್ಕೆರಡು ದಿನ ಆಸ್ಪತ್ರೆಗೆ ಓಡಾಡುವ ಒಂದು ವಾಹನದ ಬಾಡಿಗೆಗೆ ಹೋಯಿತು. ಕೃತಕ ಕಾಲು ಹಾಕಿಕೊಂಡವರನ್ನು ಕೇಳಿದರೆ ಇನ್ನೊಂದು ಸತ್ಯ ಗೊತ್ತಾಗುತ್ತದೆ: ಅದು ಒಮ್ಮೆ ಕೊಂಡು ಮುಗಿಸುವ ವಸ್ತುವಲ್ಲ. ಕಾಲಿನ ಉಳಿದ ಭಾಗದ ಗಾತ್ರ ಕಾಲಕ್ರಮೇಣ ಬದಲಾಗುತ್ತದೆ, ಆ ಭಾಗ ಕೂರುವ ಕೃತಕ ಕಾಲಿನ ಬಟ್ಟಲು ಸಡಿಲಾಗಿ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಮೊದಲ ಕಾಲಿಗೆ ದಾನಿಗಳು ಸಾಲುಗಟ್ಟುತ್ತಾರೆ, ಮೂರನೆಯದಕ್ಕೆ ಯಾರೂ ಇರುವುದಿಲ್ಲ.

ಗುರಿ ಒಂದೇ ಇರಲಿ, ಚಿಕ್ಕದಾಗಿರಲಿ, ಒಂದು ವಾಕ್ಯದಲ್ಲಿ ಹೇಳುವಂತಿರಲಿ. "ಹನ್ನೆರಡು ಮಂದಿಗೆ ಶ್ರವಣ ಸಾಧನ" ಎಂದರೆ ಕೇಳುವವನ ಕಣ್ಣಿಗೆ ಹನ್ನೆರಡು ಮುಖ ಕಾಣುತ್ತದೆ. "ಯೋಧರ ಕಲ್ಯಾಣ" ಎಂದರೆ ಏನೂ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಹಣದ ದಾರಿ

ಇದು ಬೇಸರದ ಕೆಲಸ. ಇದನ್ನೇ ಮೊದಲು ಮಾಡಿ.

1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಿತಾರ್ ವಾದಕ ಪಂಡಿತ್ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಸೇರಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಕಾರ್ಯಕ್ರಮ ಇಂದಿನ ಎಲ್ಲ ದೊಡ್ಡ ಸಹಾಯಾರ್ಥ ಕಾರ್ಯಕ್ರಮಗಳಿಗೂ ಹಿರಿಯಣ್ಣ. ಒಂದೇ ದಿನ ಎರಡು ಪ್ರದರ್ಶನ, ಸರೋದ್‌ನಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾ ರಖಾ. ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗೆ ಬೇಗನೇ ತಲುಪಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ, ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ತೆರಿಗೆ ವಿನಾಯಿತಿಗೆ ಬೇಕಾದ ವ್ಯವಸ್ಥೆಯನ್ನು ಕಾರ್ಯಕ್ರಮಕ್ಕೆ ಮೊದಲೇ ಮಾಡಿಕೊಂಡಿರಲಿಲ್ಲ ಎಂಬುದೇ ಕಾರಣ. ಜಗತ್ತಿನ ಅತಿ ದೊಡ್ಡ ಕಲಾವಿದರ ಶ್ರಮಕ್ಕೇ ಹೀಗಾದ ಮೇಲೆ ನಾವು ನೀವು ಎಚ್ಚರ ತಪ್ಪುವಂತಿಲ್ಲ.

ಹಾಗಾಗಿ ಹಣ ಸಂಘಟಕರ ಸ್ವಂತ ಖಾತೆಗೆ ಒಂದು ದಿನದ ಮಟ್ಟಿಗೂ ಬರಬಾರದು. ಟಿಕೆಟ್ ಮಾರಾಟದ ಹಣ, ದೇಣಿಗೆ, ಪ್ರಾಯೋಜಕರ ಚೆಕ್ ಎಲ್ಲವೂ ನೇರವಾಗಿ ನೆರವು ಪಡೆಯುವ ನೋಂದಾಯಿತ ಸಂಸ್ಥೆಯ ಖಾತೆಗೆ ಬೀಳಲಿ. ಅದು ಸಾಧ್ಯವಾಗದಿದ್ದರೆ ಕಾರ್ಯಕ್ರಮಕ್ಕೆಂದೇ ತೆರೆದ, ಇಬ್ಬರ ಸಹಿ ಬೇಕಾಗುವ ಖಾತೆಗೆ ಹೋಗಲಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತದೆಯೇ, ಟಿಕೆಟ್ ಮಾರಲು ಅನುಮತಿ ಬೇಕೇ, ಮನರಂಜನಾ ತೆರಿಗೆ ಬೀಳುತ್ತದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಲೆಕ್ಕಪರಿಶೋಧಕರೊಬ್ಬರ ಹತ್ತಿರ ಒಂದು ಗಂಟೆ ಕುಳಿತು ಬರಹದಲ್ಲಿ ಉತ್ತರ ಪಡೆಯಿರಿ. ಒಳ್ಳೆಯ ಕೆಲಸಕ್ಕೆಂದರೆ ಬಹಳ ಮಂದಿ ಶುಲ್ಕ ಕೇಳುವುದಿಲ್ಲ.

ಆಮೇಲೆ ಸಂಸ್ಥೆಯೊಂದಿಗೆ ಒಂದು ಪುಟದ ಒಪ್ಪಂದಪತ್ರ ಮಾಡಿಕೊಳ್ಳಿ. ಹಣ ಯಾವ ಕೆಲಸಕ್ಕೆ, ಎಷ್ಟು ದಿನದೊಳಗೆ ಖರ್ಚಾಗಬೇಕು, ಗುರಿಗಿಂತ ಹೆಚ್ಚು ಬಂದರೆ ಏನು, ಕಡಿಮೆ ಬಂದರೆ ಏನು, ಕಾರ್ಯಕ್ರಮವೇ ರದ್ದಾದರೆ ಟಿಕೆಟ್ ಹಣ ಮರಳಿಸುವವರು ಯಾರು, ಸಂಸ್ಥೆಯ ಹೆಸರು ಮತ್ತು ಲಾಂಛನವನ್ನು ನೀವು ಎಲ್ಲೆಲ್ಲಿ ಬಳಸಬಹುದು ಎಂಬಿಷ್ಟೂ ಅದರಲ್ಲಿರಲಿ. ಕಡಿಮೆ ಬಂದರೆ ಎಂಬ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹನ್ನೆರಡು ಶ್ರವಣ ಸಾಧನ ಎಂದು ಹೇಳಿ ಎಂಟಕ್ಕೆ ಮಾತ್ರ ಹಣ ಬಂದಾಗ ಆ ಎಂಟು ಮಂದಿ ಯಾರು ಎಂದು ಆರಿಸುವ ಸಂಕಟ ಎಷ್ಟೆಂಬುದು ಅನುಭವಿಸಿದವರಿಗೆ ಗೊತ್ತು. ಆ ಸರದಿಯನ್ನು ಸಂಸ್ಥೆಯೇ ಮೊದಲೇ ಬರೆದಿಡಲಿ.

ಟಿಕೆಟ್‌ನ ಮೇಲೆ ಯಾವ ಮಾತು ಅಚ್ಚಾಗುತ್ತದೆ ಎಂಬುದರಲ್ಲೂ ಪ್ರಾಮಾಣಿಕತೆ ಬೇಕು. "ಸಂಗ್ರಹವಾದ ಹಣವೆಲ್ಲ" ಎಂದು ಬರೆದರೆ ಖರ್ಚನ್ನು ನೀವು ಬೇರೆ ಕಡೆಯಿಂದ ತುಂಬಬೇಕು. "ಖರ್ಚು ಕಳೆದು ಉಳಿದ ಹಣ" ಎಂದು ಬರೆದರೆ ಆ ಖರ್ಚು ಏನೆಂದು ತೋರಿಸಬೇಕು. ಎರಡೂ ಸರಿ. ಮೊದಲನೆಯದನ್ನು ಬರೆದು ಎರಡನೆಯದನ್ನು ಮಾಡುವುದು ಮಾತ್ರ ಮೋಸ.

ಮೂರನೆಯ ಹೆಜ್ಜೆ: ಖರ್ಚನ್ನು ಟಿಕೆಟ್ ಲೆಕ್ಕದಲ್ಲಿ ನೋಡಿ

ನನಗೆ ಬಹಳ ಉಪಯೋಗಕ್ಕೆ ಬಂದ ಒಂದು ಉಪಾಯವಿದು. ಪ್ರತಿಯೊಂದು ಖರ್ಚನ್ನೂ ಹಣದಲ್ಲಿ ಹೇಳುವ ಬದಲು "ಎಷ್ಟು ಟಿಕೆಟ್" ಎಂದು ಹೇಳಿ. ಮುನ್ನೂರು ಆಸನದ ಸಭಾಂಗಣ ಎಂದುಕೊಳ್ಳೋಣ. ನಲವತ್ತು ಆಸನ ಮಾಜಿ ಸೈನಿಕರಿಗೆ ಮತ್ತು ಅವರ ಜೊತೆಗಾರರಿಗೆ ಉಚಿತ. ಮಾರಲು ಉಳಿದದ್ದು 260. ಸಭಾಂಗಣದ ಬಾಡಿಗೆ 35 ಟಿಕೆಟ್, ಧ್ವನಿ ಮತ್ತು ಬೆಳಕು 30, ಮುದ್ರಣ ಮತ್ತು ಪ್ರಚಾರ 10, ಕಲಾವಿದರ ಪ್ರಯಾಣ 10, ಹಾಡುಗಳ ಪರವಾನಗಿ ಮತ್ತು ಸಣ್ಣಪುಟ್ಟ ಖರ್ಚು 5. ಒಟ್ಟು 90. ಅಂದರೆ ತೊಂಬತ್ತೊಂದನೆಯ ಟಿಕೆಟ್ ಮಾರಾಟವಾಗುವವರೆಗೆ ನೀವು ಯಾರಿಗೂ ಬಿಡಿಗಾಸಿನ ನೆರವು ಕೊಟ್ಟಿಲ್ಲ.

ಇನ್ನು, 260 ಟಿಕೆಟ್‌ಗಳೂ ಹೋಗುತ್ತವೆ ಎಂದು ನಂಬಬೇಡಿ. ನೂರಕ್ಕೆ ಅರವತ್ತರಷ್ಟು ಎಂದು ಹಿಡಿದರೆ 156. ಖರ್ಚು ಕಳೆದರೆ 66 ಟಿಕೆಟ್‌ನ ಹಣ ಉಳಿಯಿತು. ಧ್ವನಿ ಮತ್ತು ಬೆಳಕಿನ ಖರ್ಚನ್ನು ಒಬ್ಬ ಪ್ರಾಯೋಜಕರು ವಹಿಸಿಕೊಂಡರೆ ಅದು 96 ಆಗುತ್ತದೆ. ಪ್ರಾಯೋಜಕರ ಹತ್ತಿರ ಹೋಗುವಾಗ ಈ ಹಾಳೆಯನ್ನೇ ತೋರಿಸಿ. "ನೀವು ಕೊಡುವುದರಿಂದ ಇನ್ನೂ ಮೂವತ್ತು ಟಿಕೆಟ್‌ನ ಹಣ ಅವರಿಗೆ ಹೋಗುತ್ತದೆ" ಎಂಬುದು ಯಾರಿಗೂ ಅರ್ಥವಾಗುವ ಮಾತು. ತಂಡದೊಳಗೂ ಇದರಿಂದ ಚರ್ಚೆ ಬೇಗ ಮುಗಿಯುತ್ತದೆ. ವೇದಿಕೆಯ ಹಿಂದಿನ ದೊಡ್ಡ ಪರದೆ ಬೇಕೇ ಎಂದು ಯಾರಾದರೂ ಕೇಳಿದಾಗ, "ಅದು ಹನ್ನೆರಡು ಟಿಕೆಟ್" ಎಂದರೆ ಸಾಕು.

ಲೆಕ್ಕ ನೋಡಿಕೊಳ್ಳುವವರು ಅಂದು ವೇದಿಕೆ ಏರುವವರಾಗಿರಬಾರದು. ಹಾಡುವವನ ಜೇಬಿನಲ್ಲಿ ನಗದು ಪೆಟ್ಟಿಗೆಯ ಬೀಗದ ಕೈ ಇದ್ದರೆ ಶ್ರುತಿಯೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಕಲಾವಿದರನ್ನು ಕರೆಯುವುದು

ಸಹಾಯಾರ್ಥ ಎಂದ ಮಾತ್ರಕ್ಕೆ ಎಲ್ಲರೂ ಉಚಿತವಾಗಿ ನುಡಿಸಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಸಂಗೀತವನ್ನೇ ನಂಬಿ ಬದುಕುವವರಿಗೆ ಒಂದು ಸಂಜೆ ಎಂದರೆ ಒಂದು ದಿನದ ಸಂಪಾದನೆ. ಕೇಳುವಾಗಲೇ ಮೂರು ದಾರಿ ಮುಂದಿಡಿ: ಗೌರವಧನ ಪಡೆಯಬಹುದು, ಪ್ರಯಾಣದ ಖರ್ಚು ಮಾತ್ರ ಪಡೆಯಬಹುದು, ಏನೂ ಪಡೆಯದೆ ಇರಬಹುದು. ಯಾರು ಯಾವುದನ್ನು ಆರಿಸಿದರೆಂದು ವೇದಿಕೆಯ ಮೇಲೆ ಹೇಳಬೇಡಿ. ಧ್ವನಿ ತಂತ್ರಜ್ಞರಿಗೆ ಮಾತ್ರ ಪೂರ್ತಿ ಹಣ ಕೊಟ್ಟೇ ಕರೆಸಿ. ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುವವರು ಅವರು, ಅಂದಿನ ಸಂಜೆ ನಿಂತಿರುವುದೂ ಅವರ ಕೈಯ ಮೇಲೆ.

ಮೂರು ಅಥವಾ ನಾಲ್ಕು ತಂಡ ಸಾಕು. ಎಂಟು ತಂಡಗಳನ್ನು ಸೇರಿಸಿದ ಕಾರ್ಯಕ್ರಮಗಳಲ್ಲಿ ಅರ್ಧ ಸಮಯ ವೇದಿಕೆ ಬದಲಾಯಿಸುವುದರಲ್ಲೇ ಹೋಗುತ್ತದೆ. ಒಂದು ತಂಡಕ್ಕೆ ಇಪ್ಪತ್ತೈದು ನಿಮಿಷ, ನಡುವೆ ಏಳೆಂಟು ನಿಮಿಷ, ಒಂದೇ ಡ್ರಮ್ ಸೆಟ್ ಮತ್ತು ಒಂದೇ ಕೀಬೋರ್ಡ್ ಸ್ಟ್ಯಾಂಡನ್ನು ಎಲ್ಲರೂ ಹಂಚಿಕೊಳ್ಳುವ ಒಪ್ಪಂದ, ವಿರಾಮ ಸೇರಿ ಒಟ್ಟು ಎರಡೂವರೆ ಗಂಟೆ. ವಯಸ್ಸಾದವರು, ಬೆನ್ನುನೋವಿನವರು, ಕೃತಕ ಕಾಲಿನವರು ಅದಕ್ಕಿಂತ ಹೆಚ್ಚು ಹೊತ್ತು ಕುಳಿತಿರುವುದು ಕಷ್ಟ.

ಆ ಕಲಾವಿದರಲ್ಲಿ ಒಬ್ಬಿಬ್ಬರಾದರೂ ಮಾಜಿ ಸೈನಿಕರೇ ಆಗಿರಲಿ. ಸೇನಾ ವಾದ್ಯವೃಂದದಲ್ಲಿ ವರ್ಷಗಟ್ಟಲೆ ನುಡಿಸಿದವರು ನಿವೃತ್ತರಾದ ಮೇಲೆ ವಾದ್ಯವನ್ನು ಪೆಟ್ಟಿಗೆಯೊಳಗಿಟ್ಟು ಸುಮ್ಮನಾಗಿರುತ್ತಾರೆ. ಸೇವೆ ಮುಗಿದ ಮೇಲೆ ಸಂಗೀತ ಕಲಿತವರೂ ಇದ್ದಾರೆ. ಅಮೆರಿಕದ ಮಿಲ್ವಾಕಿಯಲ್ಲಿ 2007ರಲ್ಲಿ ಆರಂಭವಾದ 'ಗಿಟಾರ್ಸ್ ಫಾರ್ ವೆಟ್ಸ್' ಎಂಬ ಸಂಸ್ಥೆ ಯುದ್ಧದ ಮಾನಸಿಕ ಗಾಯ ಹೊತ್ತ ಮಾಜಿ ಸೈನಿಕರಿಗೆ ಹತ್ತು ಪಾಠ ಹೇಳಿಕೊಟ್ಟು, ಕೊನೆಗೆ ಒಂದು ಗಿಟಾರನ್ನೂ ಕೊಡುತ್ತದೆ. ಹೀಗೆ ಕಲಿತವರೊಬ್ಬರು ನಡುಗುವ ಬೆರಳಿನಲ್ಲಿ ಮೂರೇ ಮೂರು ಸ್ವರಮೇಳ ನುಡಿಸಿದರೂ ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ. ಅಂಥವರ ಜೊತೆ ಎರಡು ಸಲವಾದರೂ ಅಭ್ಯಾಸ ಮಾಡಿ, ಅವರ ಶ್ರುತಿಗೆ, ಅವರ ಲಯಕ್ಕೆ ನಿಮ್ಮ ತಂಡ ಇಳಿದು ಬರಲಿ.

ಬೇರೆಯವರು ರಚಿಸಿದ ಹಾಡುಗಳನ್ನು ಸಾರ್ವಜನಿಕವಾಗಿ ಹಾಡಲು ಹಕ್ಕುದಾರರ ಸಂಘಗಳ ಪರವಾನಗಿ ಬೇಕಾಗಬಹುದು. ಸಹಾಯಾರ್ಥ ಎಂಬ ಕಾರಣಕ್ಕೆ ತನ್ನಷ್ಟಕ್ಕೆ ವಿನಾಯಿತಿ ಸಿಗುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಸಭಾಂಗಣಗಳು ವರ್ಷದ ಪರವಾನಗಿಯನ್ನು ಮೊದಲೇ ಪಡೆದಿರುತ್ತವೆ, ವಿಚಾರಿಸಿ. ಚಿತ್ರೀಕರಿಸಿ ಅಂತರ್ಜಾಲದಲ್ಲಿ ಹಾಕುವುದಾದರೆ ಅದಕ್ಕೆ ಬೇರೆಯದೇ ಅನುಮತಿ ಬೇಕು.

ಐದನೆಯ ಹೆಜ್ಜೆ: ದಿನ ಮತ್ತು ಜಾಗ

ಮೊದಲ ಮಹಾಯುದ್ಧದ ಕದನವಿರಾಮದ ನೆನಪಿನ ನವೆಂಬರ್ 11, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರ ಏಪ್ರಿಲ್ 25, ಭಾರತದಲ್ಲಿ 1949ರಿಂದ ಆಚರಣೆಯಲ್ಲಿರುವ ಡಿಸೆಂಬರ್ 7ರ ಧ್ವಜ ದಿನ, ಹೀಗೆ ಒಂದೊಂದು ದೇಶಕ್ಕೂ ಸೈನಿಕರನ್ನು ನೆನೆಯುವ ದಿನವಿದೆ. ಕಾರ್ಯಕ್ರಮವನ್ನು ಆ ದಿನವೇ ಇಡಬೇಕೆಂದು ಎಲ್ಲರಿಗೂ ಅನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಆ ದಿನ ಅವರಿಗೆ ಬೆಳಗಿನಿಂದ ಸಂಜೆಯವರೆಗೆ ಒಂದಲ್ಲ ಒಂದು ಸಮಾರಂಭ, ದಾನಿಗಳ ಕೈಗೂ ಹತ್ತು ಮನವಿ ಬಂದಿರುತ್ತದೆ. ಹಾರ ತುರಾಯಿ ಮುಗಿದು ಮೂರು ತಿಂಗಳಾದ ಮೇಲೆ, ಯಾರೂ ಬಾಗಿಲು ತಟ್ಟದ ಒಂದು ವಾರಾಂತ್ಯವನ್ನು ಆರಿಸಿ.

ಜಾಗ ನೋಡಲು ಹೋಗುವಾಗ ಗಾಲಿಕುರ್ಚಿ ಬಳಸುವ ಮಾಜಿ ಸೈನಿಕರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದೊಂದನ್ನು ಮಾಡಿದರೆ ಉಳಿದ ಪಟ್ಟಿಯೇ ಬೇಡ. ವಾಹನ ನಿಲ್ಲಿಸುವ ಜಾಗದಿಂದ ಆಸನದವರೆಗೆ, ಆಸನದಿಂದ ಶೌಚಾಲಯದವರೆಗೆ, ನೆಲದಿಂದ ವೇದಿಕೆಯವರೆಗೆ ಅವರು ಹೋಗುವ ದಾರಿಯಲ್ಲಿ ನೀವೂ ನಡೆಯಿರಿ. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಹಲವು ದೇಶಗಳ ಕಟ್ಟಡ ನಿಯಮ. ಮೂರು ಅಡಿ ಎತ್ತರದ ವೇದಿಕೆಗೆ ಹಲಗೆಯೊಂದನ್ನು ಒರಗಿಸಿ ಇಟ್ಟರೆ ಅದು ಇಳಿಜಾರಲ್ಲ, ಅಪಾಯ. ಸನ್ಮಾನಕ್ಕೆಂದು ಕರೆದು ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಮೇಲಿಡುವ ದೃಶ್ಯವನ್ನು ನಾನು ನೋಡಿದ್ದೇನೆ. ಕುರ್ಚಿಯಲ್ಲಿದ್ದವರು ನೆಲ ನೋಡುತ್ತಿದ್ದರು. ಮೇಲೆ ಹತ್ತಿಸಲು ಆಗದಿದ್ದರೆ ಮಾತು, ಗೌರವ ಎಲ್ಲವೂ ವೇದಿಕೆಯ ಕೆಳಗೆ, ಎಲ್ಲರೂ ಸಮನಾಗಿ ನಿಲ್ಲುವಲ್ಲೇ ನಡೆಯಲಿ.

ಗಾಲಿಕುರ್ಚಿಗಳನ್ನೆಲ್ಲ ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಬೇಡಿ. ಮುಂದೆ, ನಡುವೆ, ಹಿಂದೆ ಅಲ್ಲಲ್ಲಿ ಒಂದೊಂದು ಆಸನ ತೆಗೆದು ಜಾಗ ಮಾಡಿ, ಪಕ್ಕದಲ್ಲೇ ಜೊತೆಗಾರರಿಗೆ ಕುರ್ಚಿ ಇಡಿ.

ಆರನೆಯ ಹೆಜ್ಜೆ: ಶಬ್ದ ಮತ್ತು ಬೆಳಕು

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಸಂಘಟಿಸಿದ ಎರಡನೆಯ ಕಾರ್ಯಕ್ರಮದಲ್ಲಿ ಕೊನೆಯ ಹಾಡಿಗೆ ಬಣ್ಣದ ಕಾಗದದ ಚೂರುಗಳನ್ನು ಚಿಮ್ಮಿಸುವ ಯಂತ್ರ ಇಟ್ಟಿದ್ದೆವು. ಅದು ಸಿಡಿದಾಗ ಆಗುವ ಸದ್ದು ನಮಗೆ ಸಂಭ್ರಮದ್ದು. ಮೂರನೆಯ ಸಾಲಿನಲ್ಲಿದ್ದ ಒಬ್ಬರು ಆ ಸದ್ದಿಗೆ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಮುಂದಿನ ಆಸನದ ಬೆನ್ನನ್ನು ಹಿಡಿದುಕೊಂಡರು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಆಮೇಲೆ ಎದ್ದು ಹೊರಗೆ ಹೋದರು. ಚಪ್ಪಾಳೆ ಇನ್ನೂ ನಡೆಯುತ್ತಿತ್ತು. ನಾನು ಹೊರಗೆ ಹೋಗಿ ನೋಡಿದರೆ ಅವರು ಓಣಿಯಲ್ಲಿ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತು ಹಾಡು ಕೇಳುತ್ತಿದ್ದರು, ಕಾಲಿನಲ್ಲಿ ತಾಳ ಹಾಕುತ್ತಿದ್ದರು. "ಇಲ್ಲೇ ಚೆನ್ನಾಗಿ ಕೇಳುತ್ತದೆ, ನೀವು ಒಳಗೆ ಹೋಗಿ," ಎಂದರು. ಅವರಿಗಾಗಿ ನಡೆಸಿದ ಕಾರ್ಯಕ್ರಮವನ್ನು ಅವರು ಬಾಗಿಲ ಹೊರಗೆ ನಿಂತು ಕೇಳಬೇಕಾಯಿತು.

ಆಘಾತದ ನಂತರದ ಈ ಮಾನಸಿಕ ಸ್ಥಿತಿಗೆ ಅಮೆರಿಕದ ಮನೋವೈದ್ಯರ ಸಂಘ ಅಧಿಕೃತವಾಗಿ ಪಿಟಿಎಸ್‌ಡಿ ಎಂಬ ಹೆಸರು ಕೊಟ್ಟಿದ್ದು 1980ರಲ್ಲಿ. ಎಲ್ಲ ಮಾಜಿ ಸೈನಿಕರಿಗೂ ಅದು ಇರುತ್ತದೆ ಎಂದಲ್ಲ. ಇರುವವರಿಗೆ ಹಠಾತ್ ಸಿಡಿತ, ಮಿನುಗುವ ಬೆಳಕು, ಪೂರ್ತಿ ಕತ್ತಲೆ, ಹೊರಹೋಗುವ ದಾರಿ ಕಾಣದ ಜನಜಂಗುಳಿ ಸಹಿಸುವುದು ಕಷ್ಟ. ಆದ್ದರಿಂದ ಪಟಾಕಿ ಬೇಡ, ಹೊಗೆ ಯಂತ್ರ ಬೇಡ, ಮಿಂಚಿನಂತೆ ಬಡಿಯುವ ಬೆಳಕು ಬೇಡ. ಸಭೆಯ ದೀಪಗಳನ್ನು ಪೂರ್ತಿ ಆರಿಸದೆ ನಸುಬೆಳಕು ಉಳಿಸಿ. ಹೊರದಾರಿಗಳು ಎಲ್ಲಿವೆ ಎಂದು ನಿರೂಪಕರು ಆರಂಭದಲ್ಲೇ ಹೇಳಲಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಹತ್ತಿರ ಕುಳಿತುಕೊಳ್ಳಲು ಇಷ್ಟಪಡುವವರು ಬಹಳ ಮಂದಿ, ಹಿಂದಿನ ಸಾಲಿನಲ್ಲಿ ಅಂಥ ಏಳೆಂಟು ಕುರ್ಚಿ ಕಾದಿರಿಸಿ. "ಅತಿಥಿಗಳು ಮುಂದಿನ ಸಾಲಿನಲ್ಲೇ ಕೂರಬೇಕು" ಎಂದು ಒತ್ತಾಯಿಸಬೇಡಿ. ಡ್ರಮ್ ವಾದಕರಿಗೆ ಮೊದಲೇ ಹೇಳಿ: ಮೌನದಿಂದ ಒಮ್ಮೆಲೇ ಭಾರೀ ಹೊಡೆತಕ್ಕೆ ಹಾರುವ ಕಡೆ ಎರಡು ಎಣಿಕೆಯ ಸುಳಿವು ಕೊಟ್ಟು ಏರಲಿ.

ಕಿವಿಯ ವಿಚಾರ ಇದರಷ್ಟೇ ಮುಖ್ಯ. ಅಮೆರಿಕದಲ್ಲಿ ಸೇನಾ ಸೇವೆಯಿಂದ ಬಂದ ತೊಂದರೆ ಎಂದು ಪರಿಹಾರ ಪಡೆಯುವ ಮಾಜಿ ಸೈನಿಕರಲ್ಲಿ ಅತಿ ಹೆಚ್ಚಾಗಿ ಕಾಣುವುದು ಕೈಕಾಲಿನ ಗಾಯವಲ್ಲ, ಕಿವಿಯೊಳಗೆ ಸದಾ ಗುಂಯ್‌ಗುಡುವ ಟಿನಿಟಸ್. ಶ್ರವಣ ನಷ್ಟವೂ ಆ ಪಟ್ಟಿಯ ಮೇಲ್ತುದಿಯಲ್ಲೇ ಇದೆ. ಬಂದೂಕು, ಎಂಜಿನ್, ಸ್ಫೋಟಗಳ ನಡುವೆ ಕಳೆದ ವರ್ಷಗಳ ಬೆಲೆ ಅದು. ಅಂಥ ಕಿವಿಗೆ ಜೋರಾದ ಸಂಗೀತ ಸಂತೋಷ ಕೊಡುವುದಿಲ್ಲ, ನೋಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸಭೆಗಳಿಗೆ ಕೊಟ್ಟ ಮಾನದಂಡದಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದಿದೆ. ಅದು ಮೇಲಿನ ಮಿತಿ ಮಾತ್ರ. ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ ಹಾಕಿದ ಲೆಕ್ಕ ನೋಡಿ: 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 91ಕ್ಕೆ ಎರಡು ಗಂಟೆ, 100ಕ್ಕೆ ಹದಿನೈದೇ ನಿಮಿಷ. ನಮ್ಮ ಎರಡೂವರೆ ಗಂಟೆಯ ಕಾರ್ಯಕ್ರಮಕ್ಕೆ ಸರಾಸರಿ 85ರಿಂದ 90ರೊಳಗೆ ಇಡಲು ತಂತ್ರಜ್ಞರಿಗೆ ಹೇಳಿ, ಅಳತೆಯ ಮೀಟರ್ ಅವರ ಮೇಜಿನ ಮೇಲೆಯೇ ಇರಲಿ. ಬಾಗಿಲಲ್ಲಿ ಇಯರ್‌ಪ್ಲಗ್ ಉಚಿತವಾಗಿ ಕೊಡಿ. ಸಭಾಂಗಣದ ಪಕ್ಕದ ಕೋಣೆಯೊಂದನ್ನು ಧ್ವನಿವರ್ಧಕವಿಲ್ಲದೆ, ಕುರ್ಚಿ ಮತ್ತು ನೀರಿನೊಂದಿಗೆ, ಯಾವ ಪ್ರಶ್ನೆಯನ್ನೂ ಕೇಳದ ಒಬ್ಬ ಸ್ವಯಂಸೇವಕರೊಂದಿಗೆ ತೆರೆದಿಡಿ.

ಶ್ರವಣ ಸಾಧನ ಹಾಕಿಕೊಂಡವರಿಗೆ ಸಭಾಂಗಣದಲ್ಲಿ ಇಂಡಕ್ಷನ್ ಲೂಪ್ ಇದೆಯೇ ಎಂದು ವಿಚಾರಿಸಿ. ಇದ್ದರೆ ಮೈಕ್‌ನ ಧ್ವನಿ ಗದ್ದಲ ಬಿಟ್ಟು ನೇರವಾಗಿ ಅವರ ಸಾಧನಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಹಾಡುಗಳ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ.

ಏಳನೆಯ ಹೆಜ್ಜೆ: ಯಾವ ಹಾಡು, ಯಾವ ಸರದಿ

1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ಪಾಶ್ಚಾತ್ಯ ಸಂಗೀತದ ಮಹಾನ್ ರಚನೆಕಾರ ಬೀಥೋವನ್ ತನ್ನ ಏಳನೆಯ ಸಿಂಫನಿಯನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿಯನ್ನು, ಮೊದಲ ಬಾರಿ ನುಡಿಸಿದ್ದು ನೆಪೋಲಿಯನ್ ವಿರುದ್ಧದ ಹನಾವ್ ಕದನದಲ್ಲಿ ಗಾಯಗೊಂಡ ಸೈನಿಕರ ನೆರವಿಗಾಗಿ ನಡೆದ ಕಾರ್ಯಕ್ರಮದಲ್ಲಿ. ಸಾಲಿಯೇರಿಯಂಥ ಹಿರಿಯ ಸಂಗೀತಗಾರರೂ ಅಂದು ಪಾಲುಗೊಂಡಿದ್ದರು. ಅದೇ ಸಂಜೆ ಫಿರಂಗಿಯ ಸದ್ದನ್ನು ಅನುಕರಿಸುವ ಯುದ್ಧದ ಕೃತಿಯೊಂದೂ ಇತ್ತು, ಜನ ಅದನ್ನು ಬಹಳ ಮೆಚ್ಚಿದರು. ಆದರೆ ಸಿಂಫನಿಯಲ್ಲಿ ಸಭೆ ಮತ್ತೊಮ್ಮೆ ನುಡಿಸಿ ಎಂದು ಕೇಳಿದ್ದು ಅದರ ಎರಡನೆಯ ಭಾಗವನ್ನು, ಒಂದೇ ನಡೆಯ ಮೇಲೆ ಮೆಲ್ಲಗೆ ಸಾಗುವ, ಗಂಭೀರವಾದ ಭಾಗವನ್ನು. ಮನೆಯವರನ್ನು ಯುದ್ಧಕ್ಕೆ ಕಳಿಸಿದ್ದ ಊರು ಅದು. ನಾನು ಹಾಡುಗಳ ಪಟ್ಟಿ ಬರೆಯಲು ಕುಳಿತಾಗಲೆಲ್ಲ ಇದನ್ನು ನೆನೆಯುತ್ತೇನೆ.

ರಣೋತ್ಸಾಹದ ಹಾಡುಗಳನ್ನೇ ಸಾಲಾಗಿ ಇಡಬೇಡಿ. ಸೈನಿಕನೆಂದರೆ ಕವಾಯತಿನ ಹಾಡನ್ನೇ ಇಷ್ಟಪಡುತ್ತಾನೆ ಎಂಬುದು ನಮ್ಮ ಕಲ್ಪನೆ. ಅವರು ಯೌವನದಲ್ಲಿ, ದೂರದ ಠಾಣೆಯಲ್ಲಿ ರೇಡಿಯೊದಲ್ಲಿ ಕೇಳುತ್ತಿದ್ದ ಹಾಡು ಯಾವುದೆಂದು ಕೇಳಿ. ಪ್ರೇಮಗೀತೆಗಳೇ ಹೆಚ್ಚು ಬರುತ್ತವೆ. ಅದರಿಂದ ನಾಲ್ಕೈದನ್ನು ಆರಿಸಿ, ಯಾರ ಕೋರಿಕೆ ಎಂದು ಹೆಸರು ಹೇಳಲು ಅವರ ಒಪ್ಪಿಗೆ ಪಡೆಯಿರಿ. ಪರಿಚಿತ ಹಾಡಿನಿಂದ ಆರಂಭಿಸಿ, ನಡುವೆ ಮಂದಗತಿಯ ಎರಡು, ಕೊನೆಗೆ ಎಲ್ಲರೂ ದನಿಗೂಡಿಸಬಹುದಾದ ಒಂದು. ಮಡಿದವರಿಗಾಗಿ ಮೌನ ಆಚರಿಸುವುದಾದರೆ, ಕಹಳೆ ಊದಿಸುವುದಾದರೆ, ಅದು ಬೇಕೇ ಬೇಡವೇ ಎಂದು ಮಾಜಿ ಸೈನಿಕರೇ ತೀರ್ಮಾನಿಸಲಿ. ಬೇಕೆಂದರೆ ಊದಲು ಬಲ್ಲವರನ್ನೇ ಕರೆಸಿ. ಧ್ವನಿಮುದ್ರಿತ ಕಹಳೆ ನನಗೆ ಎಂದೂ ಒಗ್ಗಿಲ್ಲ.

ಎಂಟನೆಯ ಹೆಜ್ಜೆ: ಪ್ರಚಾರ

ಆರು ವಾರ ಮೊದಲು ಟಿಕೆಟ್ ತೆರೆಯಿರಿ, ಕೊನೆಯ ಹತ್ತು ದಿನ ಶಕ್ತಿಯೆಲ್ಲ ಹಾಕಿ. ಅರ್ಧದಷ್ಟು ಟಿಕೆಟ್ ಮಾರುವುದು ಭಿತ್ತಿಪತ್ರವಲ್ಲ, ಕಲಾವಿದರ ಸ್ನೇಹಿತರು. ಪ್ರತಿಯೊಬ್ಬ ಕಲಾವಿದರ ಕೈಗೂ ಹದಿನೈದು ಟಿಕೆಟ್‌ನ ಹೊಣೆ ಕೊಡಿ.

ಭಿತ್ತಿಪತ್ರದ ಮಾತಿನ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಕತ್ತರಿಸಿದ ಕಾಲಿನ ಚಿತ್ರ, ಕಣ್ಣೀರಿನ ಮುಖ, "ದಿಕ್ಕಿಲ್ಲದ ಯೋಧರು" ಎಂಬ ಮಾತು ಇವು ಒಂದೆರಡು ಟಿಕೆಟ್ ಹೆಚ್ಚು ಮಾರಿಸಬಹುದು, ಆದರೆ ಆ ಭಿತ್ತಿಪತ್ರದ ಮುಂದೆ ಆ ವ್ಯಕ್ತಿಯೇ ತನ್ನ ಮೊಮ್ಮಗಳ ಕೈ ಹಿಡಿದು ಹಾದುಹೋಗಬಹುದು. "ನಮ್ಮ ನಡುವಿನ ಹನ್ನೆರಡು ಮಾಜಿ ಸೈನಿಕರಿಗೆ ಶ್ರವಣ ಸಾಧನ. ಅವರೊಂದಿಗೆ ಕುಳಿತು ಹಾಡು ಕೇಳಲು ಬನ್ನಿ." ಇಷ್ಟು ಸಾಕು. ಯಾರದೇ ಚಿತ್ರ, ಹೆಸರು, ಸೇವೆಯ ವಿವರ ಬಳಸುವ ಮೊದಲು ಲಿಖಿತ ಒಪ್ಪಿಗೆ ಪಡೆಯಿರಿ, ಅಚ್ಚಿಗೆ ಹೋಗುವ ಮೊದಲು ಅವರಿಗೆ ತೋರಿಸಿ. ಯಾವ ಪಕ್ಷದ ಬಾವುಟವೂ ವೇದಿಕೆಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಚುನಾವಣೆ ಹತ್ತಿರವಿದ್ದರೆ ಭಾಷಣಕ್ಕೆ ತಾವಾಗಿಯೇ ಮುಂದೆ ಬರುವವರು ಇರುತ್ತಾರೆ. ಅವರಿಗೂ ಟಿಕೆಟ್ ಮಾರಿ, ಮೈಕ್ ಕೊಡಬೇಡಿ.

ಒಂಬತ್ತನೆಯ ಹೆಜ್ಜೆ: ಆ ದಿನ

ಸಂಜೆ ಆರಕ್ಕೆ ಆರಂಭವೆಂದರೆ ಬೆಳಗ್ಗೆ ಹನ್ನೊಂದಕ್ಕೆ ಧ್ವನಿ ಸಲಕರಣೆ ಬರಲಿ. ಎರಡರಿಂದ ನಾಲ್ಕೂವರೆಯವರೆಗೆ ಸೌಂಡ್ ಚೆಕ್, ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಆರಂಭದ ತಂಡದ ಜೋಡಣೆ ಹಾಗೆಯೇ ಉಳಿಯುತ್ತದೆ. ಐದಕ್ಕೆ ಬಾಗಿಲು ತೆರೆಯಲಿ. ಮಾಜಿ ಸೈನಿಕರನ್ನು ಬಾಗಿಲಲ್ಲಿ ಎದುರುಗೊಳ್ಳುವವರು ಅವರ ಹೆಸರು ಗೊತ್ತಿರುವವರೇ ಆಗಿರಲಿ.

ಹಣದ ಮನವಿ ಮಾಡುವ ಸಮಯವನ್ನು ಬಹಳ ಮಂದಿ ತಪ್ಪುತ್ತಾರೆ. ಆರಂಭದಲ್ಲಿ ಕೇಳಿದರೆ ಜನ ಇನ್ನೂ ಬರುತ್ತಿರುತ್ತಾರೆ, ಕೊನೆಯಲ್ಲಿ ಕೇಳಿದರೆ ಎದ್ದು ನಿಂತಿರುತ್ತಾರೆ. ಕೊನೆಯ ಎರಡು ಹಾಡುಗಳಿಗೆ ಮೊದಲು, ಮೂರೇ ನಿಮಿಷ. ಗುರಿ ಏನು, ಈಗ ಎಷ್ಟಾಗಿದೆ, ಎಷ್ಟು ಉಳಿದಿದೆ, ಹೇಗೆ ಕೊಡಬೇಕು. "ಎಂಟು ಶ್ರವಣ ಸಾಧನಕ್ಕೆ ಸಾಕಾಗಿದೆ, ಇನ್ನು ನಾಲ್ಕು" ಎಂದು ಹೇಳಿ ಮುಂದಿನ ಹಾಡು ಆರಂಭಿಸಿ, ಆ ಹಾಡು ನಡೆಯುವಾಗ ಪೆಟ್ಟಿಗೆಗಳು ಸಾಲುಗಳ ನಡುವೆ ಸಾಗಲಿ, ಮೊಬೈಲ್‌ನಲ್ಲಿ ಪಾವತಿಸುವ ಸಂಕೇತ ಆಸನದ ಬೆನ್ನಿನ ಮೇಲೇ ಅಂಟಿಸಿರಲಿ. ಮಾಜಿ ಸೈನಿಕರು ಯಾರಾದರೂ ಮಾತಾಡಲು ಮನಸ್ಸು ಮಾಡಿದರೆ ಅದು ಭಾಗ್ಯ. ಏನು ಹೇಳಬೇಕೆಂಬುದು ಅವರಿಗೇ ಬಿಟ್ಟದ್ದು, ಯುದ್ಧದಲ್ಲಿ ಏನಾಯಿತು ಎಂದು ನಿರೂಪಕರು ಕೆದಕಬಾರದು.

ಪೆಟ್ಟಿಗೆಗಳನ್ನು ಅಲ್ಲೇ, ಮುಚ್ಚಿದ ಕೋಣೆಯಲ್ಲಿ ಇಬ್ಬರು ಎಣಿಸಲಿ, ಅವರಲ್ಲಿ ಒಬ್ಬರು ಸಂಸ್ಥೆಯವರು. ಮೊತ್ತ ಬರೆದು ಇಬ್ಬರೂ ಸಹಿ ಹಾಕಿ, ಹಣವನ್ನು ಮೊಹರು ಹಾಕಿದ ಚೀಲದಲ್ಲಿ ಸಂಸ್ಥೆಗೆ ಒಪ್ಪಿಸಿ ರಸೀದಿ ಪಡೆದ ಮೇಲೆಯೇ ಮನೆಗೆ ಹೋಗಿ.

ಹತ್ತನೆಯ ಹೆಜ್ಜೆ: ಆಮೇಲೆ

ಒಂದು ವಾರದೊಳಗೆ ಬಾಕಿ ಬಿಲ್ಲುಗಳನ್ನೆಲ್ಲ ತೀರಿಸಿ. ಮೂವತ್ತು ದಿನದೊಳಗೆ ಒಂದು ಪುಟದ ಲೆಕ್ಕಪತ್ರ ಹೊರಬರಲಿ: ಎಷ್ಟು ಟಿಕೆಟ್, ಎಷ್ಟು ದೇಣಿಗೆ, ಯಾವುದಕ್ಕೆ ಎಷ್ಟು ಖರ್ಚು, ಸಂಸ್ಥೆಗೆ ಎಷ್ಟು ಹೋಯಿತು, ಯಾವ ದಿನ ಹೋಯಿತು. ಕಲಾವಿದರಿಗೆ, ಪ್ರಾಯೋಜಕರಿಗೆ, ಟಿಕೆಟ್ ಕೊಂಡವರಿಗೆ ಎಲ್ಲರಿಗೂ ಅದೇ ಪುಟ. ಆರು ತಿಂಗಳ ನಂತರ ಇನ್ನೊಂದು ಪತ್ರ ಬರೆದು, ಆ ಹಣದಿಂದ ಆದ ಕೆಲಸವನ್ನು ತಿಳಿಸಿ. ಈ ಎರಡನೆಯ ಪತ್ರ ಬರೆಯುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲವೆಂಬುದು ನನ್ನ ಅನಿಸಿಕೆ, ಮುಂದಿನ ವರ್ಷ ಅರ್ಧ ಸಭಾಂಗಣ ತುಂಬುವುದು ಅದರಿಂದಲೇ.

ಬಂದಿದ್ದ ಮಾಜಿ ಸೈನಿಕರಿಗೆ ಕಳಿಸುವ ಲಕೋಟೆಯಲ್ಲಿ ಲೆಕ್ಕದ ಪುಟದ ಜೊತೆ ಒಂದು ಖಾಲಿ ಚೀಟಿಯನ್ನೂ ಅಂಚೆಚೀಟಿ ಹಚ್ಚಿದ ಮರುಲಕೋಟೆಯನ್ನೂ ಇಡಿ. ಶಬ್ದ ಹೇಗಿತ್ತು, ಕುಳಿತ ಜಾಗ ಹೇಗಿತ್ತು, ಯಾವ ಹಾಡು ಬೇಕಿತ್ತು ಎಂಬ ಮೂರು ಪ್ರಶ್ನೆ ಸಾಕು. ಓಣಿಯಲ್ಲಿ ನಿಂತು ಕೇಳಿದ್ದ ಅವರಿಗೆ ಮರುವರ್ಷ ನಾವು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಗೋಡೆಗೆ ಒತ್ತಿ ಒಂದು ಕುರ್ಚಿ ಹಾಕಿಸಿದ್ದೆವು. ಕೊನೆಯ ಹಾಡಿನವರೆಗೆ ಕುಳಿತಿದ್ದರು. ಅವರ ಚೀಟಿಯಲ್ಲಿ ಒಂದೇ ಸಾಲಿತ್ತು: "ಮುಂದಿನ ಸಲ ಆ ಕುರ್ಚಿಯ ಪಕ್ಕ ಇನ್ನೊಂದು ಹಾಕಿಸಿ, ಮನೆಯವಳೂ ಬರುತ್ತಾಳಂತೆ."